ಗಾಳಿಸಾಲಿನ ನಾಲ್ಕನೆಯ ಅಂಗಡಿ

ಸಾಮ್ರಾಜ್ಯಗಳ ಪತನದ ಬಗ್ಗೆ ಬರೆದವರು ಬಹಳ ಜನ ಇದ್ದಾರೆ. ಅಂಥ ವಿಷಯಕ್ಕೆ ಓದುಗರೂ ಸುಲಭವಾಗಿ ಸಿಗುತ್ತಾರೆ. ಆದರೆ ಅವಕ್ಕಿಂತ ಯಾವ ರೀತಿಯಲ್ಲೂ ಕಡಿಮೆಯಲ್ಲದ, ನಮ್ಮ ಊರಿನ ವ್ಯಾಪಾರ, ನೆಂಟಸ್ತನ, ಮಾನಮರ್ಯಾದೆಗಳನ್ನೆಲ್ಲ ಬುಡದಿಂದ ಅಲುಗಾಡಿಸಿದ ಒಂದು ಘಟನೆಯನ್ನು ಇದುವರೆಗೆ ಯಾರೂ ದಾಖಲಿಸಿಲ್ಲವಾದ್ದರಿಂದ, ಆ ಹೊಣೆಯನ್ನು ನಾನೇ ಹೊರಬೇಕಾಗಿದೆ. ಘಟನೆ ಇದು: ಕಳೆದ ಮಾಘ ಮಾಸದ ಒಂದು ಸೋಮವಾರ ಸಂಜೆ, ತುಂಗಕ್ಕನ ದೋಸೆ ಹಿಟ್ಟು ಉಬ್ಬಲಿಲ್ಲ.

ನಗುವವರು ನಗಬಹುದು. ಅವರ ಊರಿನಲ್ಲಿ ಗಾಳಿ ಎಲ್ಲ ಕಡೆಯಿಂದಲೂ ಬೀಸುತ್ತಿರಬೇಕು. ನಮ್ಮ ಊರಿಗೆ ಇರುವುದು ಒಂದೇ ಗಾಳಿ. ಅದು ಬೆಳಿಗ್ಗೆ ಪೇಟೆಬೀದಿಯ ತುದಿಯಲ್ಲಿರುವ ಶಾಂತರಾಜ ಶೇಟರ ಚಿನ್ನದಂಗಡಿಗೆ ಬರುತ್ತದೆ. ಒಂದೊಂದು ಅಂಗಡಿಯ ಮೇಲ್ಬಾಗಿಲಿನಿಂದ ಒಳಹೊಕ್ಕು, ಕೆಳಬಾಗಿಲಿನಿಂದ ಮುಂದಿನ ಅಂಗಡಿಗೆ ದಾಟಿ, ಆರನೆಯದಾದ ದಸ್ತಗೀರ್ ಸಾಬರ ಮೆಣಸಿನಪುಡಿ ಗಿರಣಿಯಿಂದ ಹೊರಬಿದ್ದು ಎಲ್ಲಿಗೋ ಹೋಗುತ್ತದೆ. ದೀಪ ಹಚ್ಚುವ ಹೊತ್ತಿಗೆ ನಿಲ್ಲುತ್ತದೆ. ಉಳಿದ ಊರಿನಲ್ಲಿ ಒಂದು ಎಲೆಯೂ ಅಲ್ಲಾಡುವುದಿಲ್ಲ; ಹಾಲು ಮಧ್ಯಾಹ್ನದೊಳಗೆ ಒಡೆಯುತ್ತದೆ, ರುಬ್ಬಿಟ್ಟ ಹಿಟ್ಟು ಹುಳಿ ಬರುವ ಮೊದಲೇ ನಾರುತ್ತದೆ. ಎದುರು ಬೀದಿಯ ಬ್ಯಾಂಕಿನವರು ಒಮ್ಮೆ ದೊಡ್ಡ ಏರ್ ಕಂಡೀಷನರ್ ಹಾಕಿಸಿದರು. ಅದು ಸದ್ದು ಮಾಡಿತು, ಗೋಡೆಯ ಮೇಲೆ ನೀರು ಸುರಿಸಿತು, ಗಾಳಿಯನ್ನು ಮಾತ್ರ ಕೊಡಲಿಲ್ಲ. ಬ್ಯಾಂಕಿನ ಮ್ಯಾನೇಜರು ಈಗಲೂ ಮಧ್ಯಾಹ್ನವಾದೊಡನೆ ಶೇಟರ ಅಂಗಡಿಯಲ್ಲಿ ಬಂದು ಕೂತು, ಕೊಳ್ಳುವ ಇರಾದೆ ಇರುವವರಂತೆ ಬಳೆಗಳನ್ನು ನೋಡುತ್ತಾರೆ.

ಹಾಗಾಗಿ ಈ ಆರು ಅಂಗಡಿಗಳ ಗಾಳಿಸಾಲಿನಲ್ಲಿ ಎಷ್ಟನೆಯವರು ಎಂಬುದು ನಮ್ಮಲ್ಲಿ ಬಹಳ ದೊಡ್ಡ ಮಾತು. ನಾನು ಮದುವೆ ಕಾಗದ ಅಚ್ಚು ಹಾಕುವವನು. ವಧುವಿನ ಹೆಸರಿಗಿಂತ ಅವಳ ತಂದೆಯ ಅಂಗಡಿಯ ನಂಬರು ದಪ್ಪ ಅಕ್ಷರದಲ್ಲಿ ಬರಲಿ ಎಂದು ಹೇಳಿಸಿಕೊಂಡು ಅಭ್ಯಾಸವಾಗಿದೆ. ಮೊದಲನೆಯದು ಶೇಟರದು, ಅವರಿಗೆ ಗಾಳಿ ಬಾವಿಯ ನೀರಿನಷ್ಟು ತಣ್ಣಗೆ, ಯಾರ ಉಸಿರೂ ತಾಗದೆ ಬರುತ್ತದೆ. ಎರಡನೆಯದು ಪಾಸ್ಕಲ್ ಮಾಮರ ಬೇಕರಿ. ಮೂರನೆಯದು ತುಂಗಕ್ಕನ ಹಿಟ್ಟಿನಂಗಡಿ. ನಾಲ್ಕು ನನ್ನ ಪ್ರೆಸ್ಸು. ಐದು, ಪದ್ಮಿನಿಯವರ ಹೊಲಿಗೆ ಕೋಣೆ. ಅಲ್ಲಿ ಒಂದು ಡಜನ್ ಹೆಂಗಸರು ಹೊಲಿಗೆ ಯಂತ್ರಗಳ ಮುಂದೆ, ಇಸ್ತ್ರಿ ಮೇಜುಗಳ ನಡುವೆ ಕೂರುತ್ತಾರೆ. ಆರು ಗಿರಣಿ. ಯಾರಾದರೂ ತಾವಾಗಿಯೇ ಅಂಗಡಿ ಬಿಟ್ಟರೆ ಕೆಳಗಿನವರು ಒಂದೊಂದು ಮೆಟ್ಟಿಲು ಮೇಲೇರುತ್ತಾರೆ. ಕೆಳಗಿಳಿದವರು ಯಾರೂ ಇರಲಿಲ್ಲ. ಹಾಗೊಂದು ದಿಕ್ಕು ಇದೆಯೆಂದು ನಮಗೆ ಹೊಳೆದೂ ಇರಲಿಲ್ಲ.

ಗಾಳಿ ಶಾಖವನ್ನು, ವಾಸನೆಯನ್ನು ಒಯ್ಯುತ್ತದೆ. ಅದರ ಜೊತೆಗೆ ಮಾತನ್ನೂ ಒಯ್ಯುತ್ತದೆ. ಮೇಲಿನವರು ಆಡಿದ್ದು ಕೆಳಗಿನವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಕೆಳಗಿನವರು ಕೂಗಿದರೂ ಮೇಲಿನವರಿಗೆ ಕೇಳುವುದಿಲ್ಲ. ನಾಲ್ಕನೆಯ ಅಂಗಡಿಯಲ್ಲಿ ಕೂತು ನಾನು ಶೇಟರ ಗಿರಾಕಿಗಳ ಜಗಳ, ಪಾಸ್ಕಲ್ ಮಾಮರ ಹಾಡು, ತುಂಗಕ್ಕ ಹಿಟ್ಟಿನೊಡನೆ ನಡೆಸುವ ಸಂಭಾಷಣೆ ಎಲ್ಲವನ್ನೂ ಕೇಳಿಕೊಂಡು ಬಂದಿದ್ದೇನೆ. ನಾನು ಕೇಳಲೆಂದು ಕೇಳಿದ್ದಲ್ಲ. ಕಿವಿ ಇದೆ, ಬಾಗಿಲು ತೆರೆದಿದೆ, ಅಷ್ಟೆ.

ಇಂಥ ಸಾಲಿನಲ್ಲಿ ಕೊಲೆಗಳಾಗದಿರಲಿ ಎಂದು ಹಿರಿಯರು ಒಂದು ಪದ್ಧತಿ ಮಾಡಿಟ್ಟಿದ್ದಾರೆ. ಗಾಳಿಯ ವಿಷಯವನ್ನು ಮೇಲಿನ ಅಂಗಡಿಯವರಿಗೆ ನೇರವಾಗಿ ಹೇಳಬಾರದು, ಬೀದಿಯಲ್ಲಿ ಸಿಕ್ಕರೂ ಹೇಳಬಾರದು. ಹೇಳುವುದಿದ್ದರೆ ತನ್ನ ಕೆಳಗಿನವರಿಗೆ ಹೇಳಬೇಕು. ಅವರು ಅವರ ಕೆಳಗಿನವರಿಗೆ. ಕೊನೆಯ ಅಂಗಡಿಯವನು ಮಾತ್ರ ಮೊದಲನೆಯವನ ಬಳಿ ಮಾತಾಡಬಹುದು, ಅವರಿಬ್ಬರ ನಡುವೆ ಗಾಳಿಯೇ ಇಲ್ಲವಲ್ಲ! ಹೀಗೆ ದೂರು ಸುತ್ತು ಹಾಕಿ, ಕೊನೆಗೆ ಯಾರಿಗೆ ಸೇರಬೇಕೋ ಅವರ ಮೇಲಿನಿಂದ ಇಳಿದು ಬರುತ್ತದೆ. ದಾರಿಯಲ್ಲಿ ಯಾರೂ ಮಾತನ್ನು ತಡೆಯಬಾರದು. ತಮ್ಮದೊಂದನ್ನು ಸೇರಿಸಬಹುದು.

ಈಗ ಪಾಸ್ಕಲ್ ಮಾಮ. ಹರೆಯದಿಂದಲೂ ಸೌದೆಯ ಒಲೆಯ ಮುಂದೆ ನಿಂತವರು. ಮೊಣಕೈವರೆಗೆ ಚರ್ಮ ಹಳೆಯ ಚಪ್ಪಲಿಯಂತಾಗಿತ್ತು, ಕಣ್ಣು ಸದಾ ಕೆಂಪು. ಬೇಕರಿಯಲ್ಲಿ ಕುರ್ಚಿಯೇ ಇರಲಿಲ್ಲ. ಆ ಸೆಕೆಯಲ್ಲಿ ಯಾರು ಕೂರುತ್ತಾರೆ? ಇನ್ನು ಒಂದು ಬೇಸಿಗೆ ಬೆಂಕಿಯ ಮುಂದೆ ನಿಂತರೆ ಕಣ್ಣಿನ ಆಸೆ ಬಿಡಿ ಎಂದು ಡಾಕ್ಟರು ಹೇಳಿದ ಮೇಲೆ, ಹೆಂಡತಿ ಸೆವ್ರಿನಬಾಯಿ ಹಟ ಹಿಡಿದು ಹೊಸ ಓವನ್ ತರಿಸಿದರು. ಬೀರುವಿನಂಥದ್ದು. ತನ್ನ ಶಾಖವನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಳ್ಳುವಂಥದ್ದು. ಮೊದಲ ದಿನ ಪಾಸ್ಕಲ್ ಮಾಮ ಅದರ ಬಾಗಿಲಿಗೆ ಕೈ ಒತ್ತಿ, "ಸೆವ್ರಿನ್, ಇದು ಆನ್ ಆಗಿದೆಯಾ ಎಂತದು? ನನ್ನ ಬೆನ್ನು ತಣ್ಣಗಿದೆ ಮಾರಾಯ್ತಿ," ಎಂದದ್ದು ನನಗೆ ಕೇಳಿಸಿತು. ಆಮೇಲೆ ಒಂದು ಕುರ್ಚಿ ಎಳೆದ ಸದ್ದು. ಆಮೇಲೆ ಹಾಡು.

ಸಾಲಿನ ಉದ್ದಕ್ಕೂ ಹಬ್ಬವಾಯಿತು. ಹಳೆಯ ಒಲೆಯ ಬೇಗೆ ನಮ್ಮೆಲ್ಲರನ್ನೂ ಹಾದು ಹೋಗುತ್ತಿತ್ತಲ್ಲ, ಅದು ನಿಂತಿತು. ನನ್ನ ಪ್ರೆಸ್ಸಿನಲ್ಲಿ ಅಂಗಿ ಬೆನ್ನಿಗೆ ಅಂಟುವುದು ನಿಂತಿತು. ಪದ್ಮಿನಿಯವರ ಕೋಣೆಯಲ್ಲಿ ರೇಣುಕಾ ಎಂಬ ಬಸುರಿ ಹುಡುಗಿ ವಾರಕ್ಕೊಮ್ಮೆ ಇಸ್ತ್ರಿ ಮೇಜಿನ ಪಕ್ಕ ತಲೆ ಸುತ್ತಿ ಬೀಳುತ್ತಿದ್ದವಳು, ಬೀಳುವುದನ್ನು ಬಿಟ್ಟಳು. ಬೇಕರಿಯಿಂದ ಬರುತ್ತಿದ್ದದ್ದು ಬರೀ ಬೇಗೆಯಲ್ಲ, ಒಂದು ಕಸುಬಿನ ಅರ್ಧ ಕೆಲಸವನ್ನು ಅದೇ ಮಾಡಿಕೊಡುತ್ತಿತ್ತು ಎಂದು ಯಾರಿಗೂ ಗೊತ್ತಿರಲಿಲ್ಲ, ತುಂಗಕ್ಕನಿಗೂ.

ತುಂಗಕ್ಕ ಬೆಳಿಗ್ಗೆ ರುಬ್ಬಿ, ಎತ್ತರದ ಪಾತ್ರೆಗಳಲ್ಲಿ ತುಂಬಿ, ಗಾಳಿಗೆ ಅಡ್ಡಲಾಗಿ ಸಾಲಾಗಿಡುತ್ತಿದ್ದರು. ಸಂಜೆಯ ಹೊತ್ತಿಗೆ ಹಿಟ್ಟು ಮುಚ್ಚಳವನ್ನು ಎತ್ತಿ ಇಣುಕುತ್ತಿತ್ತು. ಊರಿನ ಹೋಟೆಲುಗಳೂ ಮನೆಗಳೂ ಅಲ್ಲಿಂದ ಒಯ್ದು ಮರುದಿನದ ತಿಂಡಿ ಮಾಡಿಕೊಳ್ಳುತ್ತಿದ್ದವು. ಮುಚ್ಚಳಗಳು ಒಂದಾದ ಮೇಲೊಂದು ಟಿಣ್ಣೆನ್ನುವುದು ಕೇಳಿದರೆ ನಾನು ಮೆಶಿನ್ ನಿಲ್ಲಿಸಿ ಚಹಕ್ಕೆ ಏಳುತ್ತಿದ್ದೆ. ಆ ಸೋಮವಾರ ಮುಚ್ಚಳಗಳು ಸದ್ದು ಮಾಡಲಿಲ್ಲ. ಮಂಗಳವಾರವೂ ಇಲ್ಲ. ತುಂಗಕ್ಕ ಉದ್ದು ಬದಲಿಸಿದರು, ಅಕ್ಕಿ ಬದಲಿಸಿದರು, ಕೆಂಡದ ಬಾನಿ ತಂದಿಟ್ಟು ನೋಡಿದರು. ಪಾತ್ರೆಯ ಒಂದು ಮಗ್ಗುಲು ಬೆಂದು ಇನ್ನೊಂದು ಮಗ್ಗುಲು ತಣ್ಣಗೆ ಕೂತಿತು. "ಏಳವ್ವ, ಎದ್ದೇಳು. ಯಾಕೆ ಮುನಿಸು? ನಾನೇನಂದೆ ನಿಂಗೆ?" ಎಂದು ಅವರು ಪಾತ್ರೆಯೊಡನೆ ಮಾತಾಡುವುದು ಕೇಳುತ್ತಿತ್ತು. ಊರಿನ ದೋಸೆಗಳು ರಟ್ಟಿನಂತಾದವು. ಗಿರಾಕಿಗಳು ಒಬ್ಬೊಬ್ಬರೇ ರೊಟ್ಟಿಗೆ, ಉಪ್ಪಿಟ್ಟಿಗೆ ತಿರುಗಿಕೊಂಡರು.

ಯುಗಾದಿ ಹತ್ತಿರವಿತ್ತು. ವ್ಯಾಪಾರ ನಿಂತ ಅಂಗಡಿಗೆ ಗಾಳಿಸಾಲಿನಲ್ಲಿ ಜಾಗವಿಲ್ಲ. ಯುಗಾದಿಯಂದು ಸಾಲಿನವರೆಲ್ಲ ಸೇರಿ ಅಂಥವರ ಬಾಗಿಲನ್ನು, ಕೆಳಗಿನವರನ್ನು ಮೇಲೇರಿಸದೆ, ನೇರವಾಗಿ ಹೊರಗಿನವರಿಗೆ ಕೊಡುತ್ತಾರೆ. ಮೂರನೆಯ ಅಂಗಡಿಯ ಮೇಲೆ ಮೊಬೈಲ್ ಮಾರುವ ಲೋಕನಾಥ ಎಂಬಾತ ಆಗಲೇ ಕಣ್ಣು ಹಾಕಿದ್ದ. ಗಂಡ ಹೋದ ಮೇಲೆ ತುಂಗಕ್ಕ ಆ ಅಂಗಡಿಯೊಂದನ್ನೇ ನೆಚ್ಚಿ ಬದುಕಿದವರು. ಅವರ ಗಂಡ ಗಿರಣಿಯ ಜಾಗದಲ್ಲಿ ಶುರು ಮಾಡಿ ಮೂರನೆಯದಕ್ಕೆ ಏರುವಷ್ಟರಲ್ಲಿ ಆಯಸ್ಸು ಮುಗಿಸಿದ್ದರು.

ಕಾರಣ ಏನೆಂದು ಹೊಳೆದ ದಿನ ತುಂಗಕ್ಕ ಪದ್ಧತಿಯಂತೆ ನನ್ನ ಬಳಿ ಬಂದರು. ಸೆರಗು ಹೊದ್ದು ನಿಂತು, "ಗಾಳಿ ಮಾತು, ರಾಯರೇ," ಎಂದರು. ನಾನು ಕನ್ನಡಕ ತೆಗೆದು ಎದ್ದು ನಿಂತೆ. ಗಾಳಿ ಮಾತನ್ನು ಕೂತು ಕೇಳುವಂತಿಲ್ಲ. "ಮೇಲಿಂದ ಶಾಖ ಬರ್ತಿಲ್ಲ. ಹಿಟ್ಟು ಏಳ್ತಿಲ್ಲ. ಇಷ್ಟೇ."

ನಾನು ಅದನ್ನು ಪದ್ಮಿನಿಯವರಿಗೆ ದಾಟಿಸಿದೆ. ಮಸಿ ಒಣಗುವುದೂ ಕೊಂಚ ನಿಧಾನವಾಗಿದೆ ಎಂದು ಸೇರಿಸಿದೆ. ನಿಜವೇ ಆಗಿತ್ತು, ಆದರೆ ಯಾರೂ ಕೇಳಿರಲಿಲ್ಲ. ಪದ್ಮಿನಿಯವರು ಕತ್ತರಿ ಕೆಳಗಿಡದೆ ಕೇಳಿಸಿಕೊಂಡರು. "ದಾಟಿಸ್ತೀನಿ. ತಡೆಯೋಳಲ್ಲ ನಾನು. ಆದ್ರೆ ನಂದೂ ಸೇರ್ಸಿ: ನಮ್ಮ ಹುಡುಗೀರು ಈಗಷ್ಟೇ ಉಸಿರಾಡ್ತಾ ಇದಾರೆ. ಆ ಬೆಂಕಿ ವಾಪಸ್ ಬಂದ್ರೆ ಮೊದ್ಲು ಬೀಳೋದು ರೇಣುಕಾ. ಅವ್ಳೀಗ ಒಬ್ಳೇ ಅಲ್ಲ." ಗಿರಣಿಯ ದಸ್ತಗೀರ್ ಸಾಬರು ಎಲ್ಲವನ್ನೂ ಕೇಳಿ, ಮೂಗಿನ ಬಟ್ಟೆ ಸರಿಸಿ ಅಂದರಂತೆ: "ನಮ್ಗೇನಮ್ಮ, ಕೊನೇಲಿರೋರು, ಬಂದಿದ್ದು ಬರ್ಲಿ. ಒಂದೇ ಒಂದು ಹೇಳ್ಬಿಡ್ತೀನಿ. ಮೊದ್ಲು ನಾಲ್ಕು ಗಂಟೆಗೆ ಬನ್ನಿನ ವಾಸ್ನೆ ಬರ್ತಿತ್ತು. ಈ ಘಾಟಲ್ಲೂ ಬರ್ತಿತ್ತು. ಈಗ ಇಲ್ಲ." ಅದನ್ನೂ ಹೊತ್ತುಕೊಂಡು ಅವರು ಬೀದಿ ಹತ್ತಿ ಶೇಟರ ಅಂಗಡಿಗೆ ಹೋದರು. ಶೇಟರು ಸೇರಿಸಿದ್ದು, ತಮ್ಮಿಂದ ಹೋಗುವ ಗಾಳಿಯಲ್ಲಿ ಯಾವ ದೋಷವೂ ಇಲ್ಲವೆಂಬುದನ್ನು ಎಲ್ಲಕ್ಕಿಂತ ಮೊದಲು ಹೇಳತಕ್ಕದ್ದು ಎಂಬ ಮಾತನ್ನು.

ಶೇಟರು ಬೇಕರಿಗೆ ಇಳಿದು ಇದಿಷ್ಟನ್ನೂ ಒಪ್ಪಿಸಿದ್ದು ನನಗೆ ಚೆನ್ನಾಗಿ ಕೇಳಿತು. ಪಾಸ್ಕಲ್ ಮಾಮ, "ಶೇಟ್ರೇ, ಹಿಟ್ಟಿಗೆ ಶಾಖ ಬೇಕು, ಹೊಲಿಗೆಗೆ ಬೇಡ, ಮಸಿಗೆ ಅರ್ಧ ಬೇಕು, ಸಾಬರಿಗೆ ವಾಸನೆ ಮಾತ್ರ ಬೇಕು. ಒಟ್ಟು ನಾನು ಎಂತ ಮಾಡಬೇಕು?" ಎಂದರು.

"ಅದು ನೀವು ನಿರ್ಧರಿಸತಕ್ಕದ್ದು," ಎಂದು ಶೇಟರು ತಮ್ಮ ತಂಪಿಗೆ ಹಿಂದಿರುಗಿದರು.

ಮರುದಿನ ಬೆಳಿಗ್ಗೆ ಪಾಸ್ಕಲ್ ಮಾಮ ತುಂಗಕ್ಕನ ಅಂಗಡಿಗೆ ಬಂದರು. ಕೆಳಗಿನವರಿಗೆ ಹೇಳಲು ಅವರಿಗೆ ಅಡ್ಡಿಯಿಲ್ಲ. "ಅಕ್ಕ, ಹಳೇ ಒಲೆ ಇನ್ನೂ ಒಡೆದಿಲ್ಲ. ಸೋಮವಾರದಿಂದ ಹಚ್ಚುತ್ತೇನೆ. ನಾನಿಲ್ಲಿ ತಣ್ಣಗೆ ಹಾಡು ಹೇಳಿಕೊಂಡು ಕೂತಿದ್ದೆ, ನನಗೆ ಗೊತ್ತೇ ಆಗಲಿಲ್ಲ ನೋಡಿ."

ಅವರ ಹಿಂದೆಯೇ ಸೆವ್ರಿನಬಾಯಿಯ ಚಪ್ಪಲಿ ಸದ್ದು. "ಹಚ್ಚುತ್ತೀರಾ? ಕಣ್ಣು ಹೋದ ಮೇಲೆ ನಾನು ಕೈ ಹಿಡಿದು ಇಗರ್ಜಿಗೆ ಕರೆದುಕೊಂಡು ಹೋಗಬೇಕು, ಅಲ್ವಾ? ತುಂಗಕ್ಕ, ನೀವೇ ನೋಡಿ ಈ ಕೈ. ತೋರಿಸಿ ಅವರಿಗೆ. ತೋರಿಸಿ ಅಂದೆ!"

ಅಂಗಿಯ ತೋಳು ಮೇಲೆ ಸರಿದ ಸದ್ದು. ಆಮೇಲೆ ತುಂಗಕ್ಕನ ಧ್ವನಿ: "ಅಂಗಿ ತೋಳು ಇಳಿಸ್ಕೊಳಿ, ಪಾಸ್ಕಲಣ್ಣ. ಇದು ಗಾಳಿ ಮಾತಲ್ಲ, ಕೈ ಮಾತು. ಆ ಕೈ ಸುಟ್ಟು ನನ್ನ ಹಿಟ್ಟು ಏಳೋದು ಬೇಡ. ಒಲೆ ಒಡೆಸ್ಬಿಡಿ."

"ಮತ್ತೆ ನೀವು?" ಎಂದರು ಪಾಸ್ಕಲ್ ಮಾಮ.

"ನೋಡೋಣ. ಸೆವ್ರಿನಬಾಯಿ, ಕೂತ್ಕೊಳ್ಳಿ, ಮಜ್ಜಿಗೆ ಕೊಡ್ತೀನಿ."

ಆ ವಾರ ತುಂಗಕ್ಕ ರವಿಕೆ ಬಟ್ಟೆ ಕೊಡಲೆಂದು ಪದ್ಮಿನಿಯವರಲ್ಲಿಗೆ ಹೋದರು. ಮಧ್ಯಾಹ್ನದ ಹೊತ್ತು, ಇಸ್ತ್ರಿಗಳೆಲ್ಲ ಕಾದಿದ್ದವು. ಅಲ್ಲಿ ನಡೆದದ್ದನ್ನು ಪದ್ಮಿನಿಯವರೇ ಆಮೇಲೆ ನನಗೆ ಹೇಳಿದರು. ತುಂಗಕ್ಕ ಒಳಗೆ ಕಾಲಿಟ್ಟೊಡನೆ, "ಅಯ್ಯೋ, ಇಷ್ಟು ಸೆಕೆಯಲ್ಲಿ ಹೇಗೆ ಕೂರ್ತೀರೇ?" ಎಂದರಂತೆ. ಹೆಂಗಸರೆಲ್ಲ ಗೊಳ್ಳೆಂದು ನಕ್ಕರಂತೆ. "ಇದು ತಂಪು ಅಕ್ಕಾ! ನೀವು ಹೋದ್ ವರ್ಷ ಬರ್ಬೇಕಿತ್ತು, ಇಲ್ಲೇ ಇಡ್ಲಿ ಬೇಯಿಸ್ಕೊಂಡು ಹೋಗ್ಬಹುದಿತ್ತು." ತುಂಗಕ್ಕ ನಗಲಿಲ್ಲ. ಅಂಗೈಯ ಹಿಂಬದಿಯನ್ನು ಇಸ್ತ್ರಿ ಮೇಜಿನ ಕೆಳಗೆ, ಗೋಡೆಯ ಮೂಲೆಯಲ್ಲಿ, ಗಾಳಿ ಹೊರಹೋಗುವ ಬಾಗಿಲಲ್ಲಿ ಹಿಡಿದು ಹಿಡಿದು ನೋಡಿದರಂತೆ. ಮರುದಿನ ಬೆಳಿಗ್ಗೆ ಒಂದು ಸಣ್ಣ ಡಬ್ಬಿಯಲ್ಲಿ ಹಿಟ್ಟು ತಂದು, "ಇದೊಂದು ಇಲ್ಲಿರ್ಲಿ," ಎಂದು ಮೇಜಿನ ಕೆಳಗಿಟ್ಟು ಹೋದರು. ಸಂಜೆ ರೇಣುಕಾ ಕಿರುಚಿಕೊಂಡಳು: ಡಬ್ಬಿಯ ಮುಚ್ಚಳ ಕೆಳಗೆ ಬಿದ್ದು, ಹಿಟ್ಟು ಅವಳು ಹೆಮ್ಮಿಂಗ್ ಮಾಡಿಟ್ಟಿದ್ದ ಲಂಗದ ಮೇಲೆ ಹರಿದಿತ್ತು.

ಇಲ್ಲಿಯವರೆಗೆ ನಾನು ಈ ವ್ಯವಹಾರವನ್ನೆಲ್ಲ ಸಾಕಷ್ಟು ಆನಂದದಿಂದ ಗಮನಿಸುತ್ತಿದ್ದೆ. ಪರರ ಗಾಳಿಯ ಕಷ್ಟದಷ್ಟು ಸ್ವಾರಸ್ಯವಾದದ್ದು ಇನ್ನೊಂದಿಲ್ಲ. ಆಗ ತುಂಗಕ್ಕ ಮತ್ತೊಮ್ಮೆ ನನ್ನ ಬಾಗಿಲಲ್ಲಿ ನಿಂತರು.

"ಗಾಳಿ ಮಾತು, ರಾಯರೇ. ಈ ಸಲ ದಾಟಿಸೋದಲ್ಲ. ನಿಮ್ಮನ್ನೇ ಕೇಳೋದು."

ನಾನು ಎದ್ದು ನಿಂತೆ.

"ಪದ್ಮಿನಿ ಮೂರಕ್ಕೆ ಬರ್ಲಿ. ಬೇಕರಿ ತಂಪು ಆ ಹುಡುಗೀರಿಗೆ ಸಿಗ್ಲಿ. ಅವ್ರ ಇಸ್ತ್ರಿ ಶಾಖ ನನಗೆ ಸಾಕು. ನಾನು ಅವ್ರ ಕೆಳಗೆ ಹೋಗ್ತೀನಿ."

"ಕೆಳಗೆ?" ಎಂದೆ. ಆ ಮಾತನ್ನು ಯಾರ ಬಾಯಲ್ಲೂ ಕೇಳಿರಲಿಲ್ಲ. "ತುಂಗಕ್ಕ, ನಿಮ್ಮ ಯಜಮಾನರು ಆರರಿಂದ ಮೂರಕ್ಕೆ..."

"ಅವ್ರು ಏರಿದ್ದು ಹಿಟ್ಟಿಗೋಸ್ಕರ. ನಾನು ಇಳಿಯೋದೂ ಅದಕ್ಕೇ." ಸ್ವಲ್ಪ ತಡೆದು ಅಂದರು: "ಆದ್ರೆ ನಾನು ಐದಕ್ಕೆ ಹೋಗೋ ಹಾಗಿಲ್ಲ. ನೀವು ನಾಲ್ಕರಲ್ಲಿದ್ರೆ ನಿಮ್ಮ ಮಸಿ ವಾಸ್ನೆ ಎಲ್ಲಾ ನನ್ನ ಪಾತ್ರೆಗೆ. ದೋಸೆ ತಿಂದೋರು ಮದುವೆ ಕಾಗದ ತಿಂದ ಹಾಗೆ. ನಾನು ನಾಲ್ಕು, ನೀವು ಐದು. ಆಗೋದಿದ್ರೆ ಹೇಳಿ. ಆಗ್ದಿದ್ರೆ ಬೇಜಾರಿಲ್ಲ."

ನಾನು ಯೋಚಿಸುತ್ತೇನೆ ಎಂದೆ. ನನಗೇ ಕೇಳಿದ ಮಾತಾದ್ದರಿಂದ, ಉತ್ತರ ಸಿಗುವವರೆಗೆ ಇಟ್ಟುಕೊಳ್ಳಲು ಪದ್ಧತಿಯಲ್ಲಿ ಅವಕಾಶವಿದೆ.

ಮನೆಯಲ್ಲಿ ನನ್ನ ಹೆಂಡತಿ ಸರಸ್ವತಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ಸೌಟು ಹಿಡಿದುಕೊಂಡೇ ತಿರುಗಿದಳು. "ಐದಾ? ನಮ್ಮಪ್ಪ ನಿಮ್ಮ ಮೂಗು ನೋಡಿ ಹೆಣ್ಣು ಕೊಟ್ರು ಅಂದ್ಕೊಂಡ್ರಾ? ನಾಲ್ಕನೇ ಅಂಗಡಿ ಅಂತ ಕೊಟ್ಟದ್ದು. ನಾಳೆ ನಮ್ಮಕ್ಕನ ಮನೇಲಿ ಏನು ಹೇಳ್ಲಿ? ದೋಸೆ ಹಿಟ್ಟಿಗೋಸ್ಕರ ಇಳಿದ್ವಿ ಅಂತಾನಾ?"

"ಇನ್ನೂ ಒಪ್ಪಿಲ್ಲ," ಎಂದೆ.

"ಒಪ್ಪಿದ್ರೆ ನೋಡಿ," ಎಂದಳು. ಒಗ್ಗರಣೆ ಸೀದಿತ್ತು.

ನನ್ನ ಪರವಾಗಿ ನನ್ನಲ್ಲಿ ವಾದಗಳಿದ್ದವು. ಪ್ರೆಸ್ಸಿನ ಮೆಶಿನ್ನು ಆನೆಯ ಭಾರ. ನನ್ನ ತಂದೆ ನಾಲ್ಕನೆಯ ಬಾಗಿಲಿನ ಮೇಲೆ ತಮ್ಮ ಕೈಯಾರೆ ಹೆಸರು ಬರೆದಿದ್ದರು. ಯಾವ ಗ್ರಂಥದಲ್ಲೂ ಒಬ್ಬನು ಇನ್ನೊಬ್ಬರ ದೋಸೆಗಾಗಿ ಸ್ಥಾನ ಬಿಟ್ಟ ಉದಾಹರಣೆ ನನಗೆ ಸಿಗಲಿಲ್ಲ, ಹುಡುಕಿದ್ದಂತೂ ನಿಜ. ಹೀಗೆ ಯೋಚಿಸುತ್ತಿರುವಾಗಲೇ ಒಂದು ಬೆಳಿಗ್ಗೆ ಮೇಲ್ಬಾಗಿಲಿನಿಂದ ಟೇಪು ಎಳೆಯುವ ಸದ್ದು ಬಂತು. ಲೋಕನಾಥ ಮೂರನೆಯ ಅಂಗಡಿಯ ಗೋಡೆಗಳನ್ನು ಅಳೆಯುತ್ತಿದ್ದ. ಯುಗಾದಿಯವರೆಗೆ ಕಾಯುವ ಸಮಾಧಾನವೂ ಅವನಿಗಿರಲಿಲ್ಲ. ಗಾಜಿನ ಕಪಾಟು ಇಲ್ಲಿ, ಬೋರ್ಡು ಅಲ್ಲಿ ಎಂದು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ. ತುಂಗಕ್ಕ ಅವನನ್ನು ಹೊರಗೆ ಹಾಕುತ್ತಾರೆಂದು ಕಿವಿಗೊಟ್ಟು ಕಾದೆ.

"ಆ ಗೋಡೆಗೆ ಮೊಳೆ ನಿಲ್ಲಲ್ಲಪ್ಪ," ಎಂದರು ತುಂಗಕ್ಕ. "ಒಳಗೆಲ್ಲ ಮಣ್ಣು. ಕಪಾಟು ಈ ಕಡೆ ನಿಲ್ಸು. ಮಳೆಗಾಲದಲ್ಲಿ ಆ ಮೂಲೆ ಸೋರತ್ತೆ, ನಿನ್ನ ಸಾಮಾನು ಒದ್ದೆಯಾದೀತು."

ನಾನು ಮೆಶಿನ್ ನಿಲ್ಲಿಸಿದೆ. ಅವರಿಗೆ 'ಆಗಲಿ' ಎಂದು ಹೇಳಲು ನಾಲ್ಕು ಹೆಜ್ಜೆ ಸಾಕಿತ್ತು. ಆದರೆ ತುಂಗಕ್ಕ ನನ್ನ ಮೇಲಿನವರು, ಇದು ಗಾಳಿಯ ಮಾತು. ಕೆಳಬಾಗಿಲಿಗೆ ಹೋಗಿ ಪದ್ಮಿನಿಯವರನ್ನು ಕರೆದೆ.

"ಗಾಳಿ ಮಾತು. ತುಂಗಕ್ಕನಿಗೆ ಮುಟ್ಟಬೇಕು. ನೀವು ಮೂರು, ಅವರು ನಾಲ್ಕು, ನಾನು ಐದು. ನನ್ನದು ಆಗಲಿ."

ಪದ್ಮಿನಿಯವರ ಕೈಯಿಂದ ಕತ್ತರಿ ಮೊದಲ ಸಲ ಕೆಳಗೆ ಬಿತ್ತು. "ನಾವು? ಮೂರು? ರಾಯರೇ, ತಮಾಷೆ ಮಾಡ್ಬೇಡಿ, ಇವ್ರೆಲ್ಲ ನಂಬ್ಬಿಡ್ತಾರೆ." ಹಿಂದೆ ಯಂತ್ರಗಳೆಲ್ಲ ನಿಂತಿದ್ದವು. ರೇಣುಕಾ ಒಂದು ಕೈಯಿಂದ ಹೊಟ್ಟೆಯನ್ನೂ ಇನ್ನೊಂದರಿಂದ ಮೇಜನ್ನೂ ಹಿಡಿದು ಎದ್ದು ನಿಂತಿದ್ದಳು. ಮಾತು ಪೂರ್ತಿ ಮುಗಿಯುವವರೆಗೆ ಯಾರೂ ಕೂರಲಿಲ್ಲ. ಪದ್ಮಿನಿಯವರು ಏನನ್ನೂ ಸೇರಿಸಲಿಲ್ಲ. ಕತ್ತರಿಯನ್ನು ನೆಲದಲ್ಲೇ ಬಿಟ್ಟು ಗಿರಣಿಯ ಕಡೆ ಹೊರಟರು. ದಸ್ತಗೀರ್ ಸಾಬರು, ಇನ್ನು ಮೇಲೆ ತಮಗೆ ಮಸಿ ವಾಸನೆ ಹತ್ತಿರವಾಗುತ್ತದೆ, ಪರವಾಗಿಲ್ಲ, ಓದಿದವರ ವಾಸನೆ ಎಂದು ಸೇರಿಸಿದರು. ಶೇಟರು, ಇದನ್ನು ಯಾರೂ ಮುಂದೆ ಮಾದರಿಯಾಗಿ ತೆಗೆದುಕೊಳ್ಳತಕ್ಕದ್ದಲ್ಲ ಎಂದು ಸೇರಿಸಿದರು. ಪಾಸ್ಕಲ್ ಮಾಮ ಅದಿಷ್ಟನ್ನೂ ಒಂದು ಬಿಸಿ ಬನ್ನಿನ ಜೊತೆ ತುಂಗಕ್ಕನಿಗೆ ಒಪ್ಪಿಸಿದರು. ನನ್ನ 'ಆಗಲಿ' ಇಡೀ ಸಾಲನ್ನು ಸುತ್ತಿ ಪಕ್ಕದ ಗೋಡೆಗೆ ಬರುವಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು, ನನ್ನ ಮನೆಗೂ ತಲುಪಿತ್ತು. ಆ ರಾತ್ರಿ ಊಟಕ್ಕೆ ಬಡಿಸಿದವರು ಯಾರೂ ಇರಲಿಲ್ಲ. ಪಾತ್ರೆಗಳು ಅಡುಗೆಮನೆಯಲ್ಲಿ ಮುಚ್ಚಿಟ್ಟಿದ್ದವು, ನಾನೇ ಹಾಕಿಕೊಂಡೆ.

ಗೋಡೆಯಾಚೆ ತುಂಗಕ್ಕ ಬನ್ನನ್ನು ಮುರಿದು ಅರ್ಧ ಲೋಕನಾಥನಿಗೆ ಕೊಟ್ಟು, "ಟೇಪು ಮಡಚಿಕೋಪ್ಪ, ಸುಮ್ನೆ ಶ್ರಮ," ಎಂದದ್ದು ಕೇಳಿತ್ತು.

ಯುಗಾದಿಯ ದಿನ ಬೀದಿಯ ಜನರೆಲ್ಲ ಕೈಹಾಕಿ ಯಂತ್ರಗಳನ್ನು, ಮೇಜುಗಳನ್ನು, ರುಬ್ಬುವ ಕಲ್ಲನ್ನು ಸಾಗಿಸಿದರು. ನನ್ನ ಮೆಶಿನ್ನು ಬಾಗಿಲಿನಲ್ಲಿ ಸಿಕ್ಕಿಕೊಂಡಿತು. ಬ್ಯಾಂಕಿನ ಮ್ಯಾನೇಜರು ಕೂಡ ಕೋಟು ತೆಗೆದು ತಳ್ಳಿದರು. ಸರಸ್ವತಮ್ಮ ಬರುವುದಿಲ್ಲ ಎಂದಿದ್ದವಳು ಮಧ್ಯಾಹ್ನ ಬಂದು, ಐದನೆಯ ಅಂಗಡಿಯ ನೆಲ ಗುಡಿಸಿ, ಯಾರೊಡನೆಯೂ ಮಾತಾಡದೆ ಹೋದಳು.

ಮರುದಿನ ಬೆಳಿಗ್ಗೆ ಗಾಳಿ ಎಂದಿನಂತೆ ಬಂತು. ರೇಣುಕಾಳನ್ನು ಮೇಲ್ಬಾಗಿಲಿನ ಪಕ್ಕ ಕೂರಿಸಿದ್ದರು. ತುಂಗಕ್ಕ ಪಾತ್ರೆಗಳನ್ನು ಇಸ್ತ್ರಿಯ ಬಿಸಿ ಬರುವ ಕಡೆಗೆ ಸಾಲಾಗಿಟ್ಟು, ಅಂದು ಒಂದೂ ಮಾತಾಡದೆ ಕಾದರು. ನಾನು ಒಂದು ಮದುವೆ ಕಾಗದವನ್ನು ಮೂರು ಸಲ ತಪ್ಪಾಗಿ ಅಚ್ಚು ಹಾಕಿದೆ.

ಸಂಜೆ ಹಿಟ್ಟು ಉಬ್ಬಿತು. ನಮ್ಮ ಪ್ರೆಸ್ಸು ಈಗ ಐದನೆಯದು.